ಅಂಚಿಲ್ಲದ ಟ್ಯಾಂಕ್, ಉಪ್ಪುನೀರು: ನೋಡುವವರಿಗೊಂದು ಕೈಪಿಡಿ

ರಿಮ್‌ಲೆಸ್ ಅಕ್ವೇರಿಯಂ ಎಂದರೆ ಮೇಲಂಚಿಗೆ ಪ್ಲಾಸ್ಟಿಕ್ ಪಟ್ಟಿಯಾಗಲಿ, ಗಾಜಿನ ಅಡ್ಡಪಟ್ಟಿಯಾಗಲಿ ಇಲ್ಲದ ಗಾಜಿನ ತೊಟ್ಟಿ. ಐದು ಗಾಜು, ಅವನ್ನು ಹಿಡಿದಿಟ್ಟ ಸಿಲಿಕೋನ್, ಅಷ್ಟೇ. ಸಾಮಾನ್ಯ ಟ್ಯಾಂಕಿನ ಕಪ್ಪು ಪಟ್ಟಿ ಮೂರು ಕೆಲಸ ಮಾಡುತ್ತದೆ: ನೀರಿನ ಒತ್ತಡಕ್ಕೆ ಗಾಜು ಹೊರಗೆ ಬಾಗದಂತೆ ಹಿಡಿಯುತ್ತದೆ, ದೀಪಕ್ಕೂ ಮುಚ್ಚಳಕ್ಕೂ ಆಸರೆಯಾಗುತ್ತದೆ, ನೀರಿನ ಗೆರೆಯನ್ನು ಮರೆಮಾಡುತ್ತದೆ. ರಸಿಕರಿಗೆ ಮುಖ್ಯವಾದದ್ದು ಮೂರನೆಯದು. ಪಟ್ಟಿ ಹೋದ ಕೂಡಲೇ ನೀರು ಎಷ್ಟು ಇಳಿದಿದೆ, ಓರೆಯಾಗಿ ನಿಂತಿದೆಯೇ, ಮೇಲೆ ಜಿಡ್ಡಿನ ಪರೆ ಕಟ್ಟಿದೆಯೇ, ಗಾಜಿನ ತುದಿಗೆ ಉಪ್ಪು ಹತ್ತಿದೆಯೇ ಎಂಬುದೆಲ್ಲ ಬಯಲಾಗುತ್ತದೆ. ಸಾಕುವವರ ದಿನಚರಿಯನ್ನು ಆ ಒಂದು ಗೆರೆಯಲ್ಲಿ ಓದಬಹುದು. ಹೊಸಬರು ಟ್ಯಾಂಕಿನ ಮುಂದೆ ಬಂದು ಮೊದಲು ಮೀನು ಹುಡುಕುತ್ತಾರೆ. ಹುಡುಕಬೇಕಾದದ್ದು ಈ ಗೆರೆಯನ್ನು.

ಈ ರೂಪ ತೀರ ಹಳೆಯದಲ್ಲ. ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ 1853ರಲ್ಲಿ ಸಾರ್ವಜನಿಕರಿಗೆ ಮತ್ಸ್ಯಾಗಾರ ತೆರೆದಾಗ, ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಆ ವಿಷಯದ ಮೇಲೆ ಪುಸ್ತಕ ಬರೆದಾಗ, ಗಾಜಿಗೆ ಚೌಕಟ್ಟಿಲ್ಲದೆ ಗತಿಯಿರಲಿಲ್ಲ. ಗಾಜನ್ನು ಗಾಜಿಗೇ ಅಂಟಿಸುವ ಸಿಲಿಕೋನ್ 1960ರ ದಶಕದಲ್ಲಿ ಬಳಕೆಗೆ ಬಂದ ಮೇಲೆ ಕಬ್ಬಿಣದ ಚೌಕಟ್ಟು ಬಿದ್ದುಹೋಯಿತು. ಅದೇ ಹೊತ್ತಿನಲ್ಲಿ, 1961ರಲ್ಲಿ, ಜಕಾರ್ತದ ಲೀ ಚಿನ್ ಎಂಗ್ ಉಪ್ಪುನೀರಿನ ಟ್ಯಾಂಕನ್ನು ಜೀವಾಣು ತುಂಬಿದ ಕಡಲ ಕಲ್ಲಿನಿಂದಲೇ ಸ್ವಚ್ಛವಾಗಿಡುವ ವಿಧಾನವನ್ನು ಬರೆದು ತಿಳಿಸಿದರು. ಇಂದಿನ ಮನೆಗಳ ಸಣ್ಣ ರೀಫ್ ಟ್ಯಾಂಕುಗಳ, ಅಂದರೆ ಹವಳದ ಕಡಲನ್ನು ಅನುಕರಿಸುವ ತೊಟ್ಟಿಗಳ, ಮೂಲ ಅಲ್ಲಿದೆ. ಅಂಚಿಲ್ಲದ ಸ್ವಚ್ಛ ಗಾಜಿನ ರುಚಿ ಹತ್ತಿಸಿದವರು ಜಪಾನಿನ ನೀಗಾಟದ ತಕಾಶಿ ಅಮಾನೊ. 1982ರಲ್ಲಿ ಅವರು ಕಟ್ಟಿದ ಸಂಸ್ಥೆ ಸಿಹಿನೀರಿನ ಗಿಡಗಳಿಗಾಗಿ ಇಂಥ ಟ್ಯಾಂಕುಗಳನ್ನು ರೂಢಿಗೆ ತಂದಿತು. ಉಪ್ಪುನೀರಿನವರು ಅದನ್ನು ಎರವಲು ಪಡೆದರು.

ಈ ಕೈಪಿಡಿ ಮಂಗಳೂರಿನ ಟ್ಯಾಂಕುಗಳದ್ದು, ಈ ಊರಿಗೆ ಮೀನು ಹೊಸದಲ್ಲ. ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಶುರುವಾದದ್ದು ಇದೇ ಊರಿನಲ್ಲಿ. ದಕ್ಕೆಗೆ ಬಂದ ಬಂಗುಡೆಯ ಕಿವಿರು ಎತ್ತಿ ನೋಡಿ ತಾಜಾತನ ಹೇಳಬಲ್ಲವರು ಬೀದಿಗೊಬ್ಬರಿದ್ದಾರೆ. ಆದರೆ ರೀಫ್ ಟ್ಯಾಂಕಿನಲ್ಲಿ ಕಾಣುವ ತಿಳಿನೀಲಿ ಕಡಲು ಇಲ್ಲಿನ ಪಣಂಬೂರಿನದಲ್ಲ, ಪಡುವಣಕ್ಕಿರುವ ಲಕ್ಷದ್ವೀಪದ್ದು. ಅಮಿನಿ, ಕದಮತ್, ಕಿಲ್ತಾನ್ ಮೊದಲಾದ ಉತ್ತರದ ದ್ವೀಪಗಳು 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಇಲ್ಲಿನ ಬಂದರಿನಿಂದ ಅಕ್ಕಿ, ಸಾಮಾನು ಹೊತ್ತ ಮಂಜಿ ಹಡಗುಗಳು ಅತ್ತ ಹೋಗುತ್ತಿದ್ದವು. ಹಾಗಾಗಿ ಮಂಗಳೂರಿನ ಮನೆಯಲ್ಲಿರುವ ಹವಳದ ಕೊಲ್ಲಿಯ ನಕಲು ಪೂರ್ತಿ ಪರದೇಶಿಯೂ ಅಲ್ಲ. ಸೋಮೇಶ್ವರದ ಕಡಲತೀರದ ಬಂಡೆಗಳ ನಡುವೆ ಇಳಿತದ ಹೊತ್ತಿಗೆ ಉಳಿಯುವ ನೀರುಗುಂಡಿಗಳನ್ನು ಮಾದರಿಯಾಗಿಟ್ಟು ಕಟ್ಟಿದ ಟ್ಯಾಂಕುಗಳು ಅಪರೂಪ. ರಂಗಿನಲ್ಲಿ ಅವು ಸೋಲುತ್ತವೆ, ಗುಣದಲ್ಲಿ ಸೋಲಬೇಕಾಗಿಲ್ಲ. ರಸಿಕರು ಒಮ್ಮೆ ಆ ಗುಂಡಿಗಳ ಬಳಿ ಕುಕ್ಕರಗಾಲಲ್ಲಿ ಕೂತು ಬರುವುದು ಒಳ್ಳೆಯದು. ಕಲ್ಲು, ನೀರು, ಜೀವ ಒಂದಕ್ಕೊಂದು ಎಷ್ಟು ಒತ್ತಾಗಿರುತ್ತವೆ, ಎಲ್ಲಿ ಬರಿದಾಗಿರುತ್ತವೆ ಎಂಬ ಅಂದಾಜು ಅಲ್ಲಿ ಸಿಗುತ್ತದೆ.

ಟ್ಯಾಂಕನ್ನು ಕೆಳಗಿನಿಂದ ಮೇಲಕ್ಕೆ ನೋಡುವುದು ಸರಿಯಾದ ಕ್ರಮ, ಅಂದರೆ ಸ್ಟ್ಯಾಂಡಿನಿಂದ. ಉದಾಹರಣೆಗೆ 60 ಸೆಂ.ಮೀ. ಉದ್ದ, 45 ಅಗಲ, 40 ಎತ್ತರದ 10 ಮಿ.ಮೀ. ಗಾಜಿನ ಟ್ಯಾಂಕನ್ನು ತೆಗೆದುಕೊಳ್ಳಬಹುದು. ಗಾಜೇ ಸುಮಾರು 28 ಕೆ.ಜಿ. ಕಲ್ಲು, ಮರಳು 20 ಕೆ.ಜಿ. ಆದರೆ ಉಳಿದ ಜಾಗದಲ್ಲಿ 80 ಲೀಟರಿನಷ್ಟು ನೀರು; ಉಪ್ಪುನೀರು ಲೀಟರಿಗೆ 1.025 ಕೆ.ಜಿ. ತೂಗುವುದರಿಂದ ಎಲ್ಲ ಸೇರಿ ಸುಮಾರು 130 ಕೆ.ಜಿ. ಆಗುತ್ತದೆ. ಇಷ್ಟು ಭಾರ ವರ್ಷಗಟ್ಟಲೆ ಒಂದೇ ಕಡೆ ಅಲುಗದೆ ಕೂರಬೇಕು. ಒಳ್ಳೆಯ ಸ್ಟ್ಯಾಂಡಿನಲ್ಲಿ ಭಾರ ಮರದಿಂದ ಮರಕ್ಕೆ ಇಳಿದು ನೆಲ ಸೇರುತ್ತದೆ: ಮೇಲಿನ ಅಡ್ಡಮರ ಕಂಬದ ತಲೆಯ ಮೇಲೆಯೇ ಕೂತಿರುತ್ತದೆ. ಅಡ್ಡಮರವನ್ನು ಕಂಬದ ಪಕ್ಕಕ್ಕೆ ಸ್ಕ್ರೂ ಹೊಡೆದು ನಿಲ್ಲಿಸಿದ್ದರೆ ಇಡೀ ಕಡಲು ನಾಲ್ಕು ಸ್ಕ್ರೂಗಳ ಮೇಲೆ ನಿಂತಿದೆ ಎಂದೇ ಲೆಕ್ಕ. ನೋಡುವವರು ಬಗ್ಗಿ ಪರೀಕ್ಷಿಸಬೇಕಾದ ಜಾಗ ಇದು.

ಮರದ ಆಯ್ಕೆಯಲ್ಲಿ ಊರಿನ ಗುರುತು ಬೀಳುತ್ತದೆ. ಬಾಸೆಲ್ ಮಿಷನ್ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದಾಗಿನಿಂದ ಇಲ್ಲಿ ಮನೆಗಳ ಮಾಡಿಗೆ ಪಕ್ಕಾಸು, ರೀಪು ಹಾಕಿ ಹಂಚು ಹೊದಿಸುವುದು ಪದ್ಧತಿ. ಅಂಥ ಮನೆ ಕೆಡವಿದಾಗ ಸಿಗುವ ಹಳೆಯ ಪಕ್ಕಾಸು ದಶಕಗಳಿಂದ ಒಣಗಿ, ಇನ್ನು ಡೊಂಕಾಗದ ಸ್ಥಿತಿಗೆ ಬಂದಿರುತ್ತದೆ. ಆಚಾರಿಯ ಒಂದು ದಿನದ ಕೆಲಸ, ಮೇಲೊಂದು ಮರೀನ್ ಪ್ಲೈವುಡ್ ಹಲಗೆ (ಐಎಸ್ 710 ಮುದ್ರೆಯದು) ಸೇರಿದರೆ ಪೇಟೆಯ ಲ್ಯಾಮಿನೇಟ್ ಪೆಟ್ಟಿಗೆಗಿಂತ ಗಟ್ಟಿ ಸ್ಟ್ಯಾಂಡ್ ಸಿದ್ಧ. ಕಬ್ಬಿಣದ ಚೌಕ ಪೈಪಿನದು ಅಗ್ಗ, ಆದರೆ ಕಡಲ ಗಾಳಿಯ ಜೊತೆಗೆ ಮೇಲಿನಿಂದ ಉಪ್ಪುನೀರು ತೊಟ್ಟಿಕ್ಕುವಾಗ ಬೆಸುಗೆಯ ಜಾಗದಲ್ಲಿ ತುಕ್ಕು ಬೇಗ ಏಳುತ್ತದೆ. ಕೆಂಪುಕಲ್ಲಿನ ಎರಡು ಗಿಡ್ಡ ಗೋಡೆ ಕಟ್ಟಿ ಮೇಲೆ ಗ್ರಾನೈಟ್ ಹಾಸುವುದೂ ಒಂದು ದಾರಿ, ನೋಟಕ್ಕೆ ಬಹಳ ಚೆಂದ. ಮನೆ ಬದಲಿಸುವವರಿಗೆ ಮಾತ್ರ ಆಗಿಬರುವುದಿಲ್ಲ. ಮರಕ್ಕೆ ಫ್ರೆಂಚ್ ಪಾಲಿಶ್ ಬಳಿದಿದ್ದರೆ ಮೊದಲ ಮಳೆಗಾಲದಲ್ಲೇ ನೀರು ಬಿದ್ದ ಕಡೆ ಬಿಳಿ ಕಲೆ ಮೂಡುತ್ತದೆ. ಎಪಾಕ್ಸಿ ಅಥವಾ ಪಿಯು ಬಳಿದದ್ದು ಬಾಳುತ್ತದೆ. ಕಾಲುಗಳ ಕೆಳಗೆ ಗ್ರಾನೈಟ್ ತುಂಡು ಇದ್ದರೆ ಮಾಡಿದವರಿಗೆ ಗೆದ್ದಲಿನ ಪರಿಚಯವಿದೆ ಎಂದರ್ಥ.

ಸ್ಟ್ಯಾಂಡಿನ ಎತ್ತರವೂ ರಸದ ವಿಷಯ. ಕುರ್ಚಿಯಲ್ಲಿ ಕೂತವರ ಕಣ್ಣಿಗಿಂತ ನೀರಿನ ಮೇಲ್ಮೈ ತುಸು ಮೇಲಿರಬೇಕು. ಅದಕ್ಕೆ 75ರಿಂದ 80 ಸೆಂ.ಮೀ. ಎತ್ತರ ಸಾಕು. ಕೂತು ನೋಡುವ ಟ್ಯಾಂಕು ಮನೆಯವರದ್ದು, ನಿಂತು ನೋಡುವ ಟ್ಯಾಂಕು ಅಂಗಡಿಯದು.

ಟ್ಯಾಂಕಿಗೂ ಹಲಗೆಗೂ ನಡುವೆ ತೆಳು ಫೋಮ್ ಹಾಸು ಇದೆಯೇ ಎಂದು ಮುಂದೆ ನೋಡಬೇಕು. ರಿಮ್ ಇರುವ ಟ್ಯಾಂಕು ತನ್ನ ತಳದ ಅಂಚಿನ ಮೇಲೆ ಕೂರುತ್ತದೆ. ರಿಮ್‌ಲೆಸ್ಸಿನ ತಳದ ಗಾಜು ಪೂರ್ತಿಯಾಗಿ ಹಲಗೆಗೆ ಒರಗುವುದರಿಂದ ಒಂದು ಮರಳಿನ ಹರಳು ಸಿಕ್ಕಿದರೂ ಒತ್ತಡ ಅಲ್ಲೇ ನೆಟ್ಟು ಗಾಜು ಸೀಳಬಹುದು. ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ ಸಾಮಾನ್ಯವಾಗಿ ಬಾಗಿಲ ಕಡೆಗೆ ಕೊಂಚ ಇಳಿಜಾರಾಗಿರುತ್ತದೆ. ಸ್ಟ್ಯಾಂಡ್ ಮಾಡುವಾಗ ರಸಮಟ್ಟ ಇಟ್ಟು ನೋಡಿದ್ದರೋ ಇಲ್ಲವೋ ಎಂಬುದನ್ನು ನೀರಿನ ಗೆರೆಯೇ ಹೇಳುತ್ತದೆ: ಎಡಬದಿಯಲ್ಲಿ ಗಾಜಿನ ಅಂಚಿಗೂ ನೀರಿಗೂ ಎಷ್ಟು ಅಂತರವೋ ಬಲಬದಿಯಲ್ಲೂ ಅಷ್ಟೇ ಇರಬೇಕು.

ಗಾಜಿನ ವಿಷಯ ಚಿಕ್ಕದು. ಮಾಮೂಲಿ ಗಾಜಿನಲ್ಲಿ ಕಬ್ಬಿಣದ ಅಂಶವಿರುವುದರಿಂದ ಅಂಚು ಹಸಿರಾಗಿ ಕಾಣುತ್ತದೆ. ಕಬ್ಬಿಣ ಕಡಿಮೆಯಿರುವ ಗಾಜಿನ ಅಂಚು ಬಹುಮಟ್ಟಿಗೆ ಬಣ್ಣವಿಲ್ಲದ್ದು. ಸಿಲಿಕೋನ್ ಸಾಲು ಮೂಲೆಯಲ್ಲಿ ಸಮನಾಗಿ, ಗುಳ್ಳೆಯಿಲ್ಲದೆ, ಎರಡು ಗಾಜಿನ ನಡುವೆಯೂ ತುಂಬಿರಬೇಕು. ಹೊರಗೆ ಉಬ್ಬಿ ಹರಡಿದ ಸಿಲಿಕೋನ್ ಬಲದ ಗುರುತಲ್ಲ, ಕೈಚಳಕದ ಕೊರತೆ.

ನೀರಿಗೆ ಬಂದರೆ ಮಂಗಳೂರಿನ ಒಂದು ವಿಚಿತ್ರ ಎದುರಾಗುತ್ತದೆ. ಕಡಲು ಕೂಗಳತೆಯಲ್ಲಿದ್ದರೂ ಟ್ಯಾಂಕಿನ ಕಡಲು ಪ್ಯಾಕೆಟ್ ಉಪ್ಪಿನದು. ನೇತ್ರಾವತಿಯೂ ಗುರುಪುರ ನದಿಯೂ ಬೆಂಗ್ರೆಯ ಬಳಿ ಒಂದೇ ಅಳಿವೆಯಲ್ಲಿ ಕಡಲಿಗೆ ಬೀಳುತ್ತವೆ. ಜೂನ್‌ನಿಂದ ಸೆಪ್ಟೆಂಬರ್ ತನಕ ತೀರದ ನೀರು ಕೆಸರಾಗಿ ಉಪ್ಪು ಇಳಿಯುತ್ತದೆ. ಬಂದರು, ದೋಣಿ, ಕಾರ್ಖಾನೆಗಳ ಎಣ್ಣೆಯ ಮಾತು ಬೇರೆ. ಹವಳದ ಕಡಲಿನಲ್ಲಿ ಸಾವಿರ ಭಾಗಕ್ಕೆ 35 ಭಾಗ ಉಪ್ಪು, ವರ್ಷವಿಡೀ ಹೆಚ್ಚು ಕಡಿಮೆ ಅಷ್ಟೇ. ಅದನ್ನು ಮನೆಯಲ್ಲಿ ಮಾಡಲು ಆರ್‌ಒ ನೀರಿಗೆ ರೀಫ್ ಉಪ್ಪು ಕದಡಬೇಕು, 80 ಲೀಟರಿಗೆ ಮೂರು ಕೆ.ಜಿ.ಯ ಹತ್ತಿರ. ಅಡುಗೆ ಉಪ್ಪು ನಡೆಯುವುದಿಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಕ್ಷಾರ ಅದರಲ್ಲಿ ಬೇಕಾದಷ್ಟಿಲ್ಲ. ತುಂಬೆ ಅಣೆಕಟ್ಟಿನಿಂದ ಬರುವ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಬಾವಿ ನೀರಿನಲ್ಲಿ ಏನಿರುತ್ತದೆಂಬುದು ಬಾವಿಯಿಂದ ಬಾವಿಗೆ ಬೇರೆ.

ಆವಿಯಾಗುವುದು ನೀರು, ಉಪ್ಪಲ್ಲ. 80 ಲೀಟರಿನಲ್ಲಿ 2 ಲೀಟರ್ ಆರಿದರೆ 35 ಇದ್ದ ಉಪ್ಪು 36ರ ಹತ್ತಿರ ಬರುತ್ತದೆ. ಆದ್ದರಿಂದ ದಿನವೂ ಸಿಹಿನೀರು ತುಂಬಬೇಕು. ತುಂಬುವ ಯಂತ್ರ ಇಲ್ಲದ ಮನೆಯಲ್ಲಿ ಗಾಜಿನ ಮೇಲೆ ಒಂದರ ಕೆಳಗೊಂದು ಬಿಳಿ ಗೆರೆಗಳು ಮೂಡಿರುತ್ತವೆ. ಬೇಸಗೆಯಲ್ಲಿ ಇದು ಜಾಸ್ತಿ. ಏಪ್ರಿಲ್-ಮೇಯಲ್ಲಿ ಕೋಣೆ 33 ಡಿಗ್ರಿಗೆ ಏರಿದರೆ 26ರ ಸುತ್ತ ಇರಬೇಕಾದ ನೀರನ್ನು ತಣಿಸಲು ಮೇಲ್ಮೈಗೆ ಫ್ಯಾನ್ ಬೀಸುತ್ತಾರೆ. ಒಣಗಾಳಿಯ ಬಳ್ಳಾರಿಯಲ್ಲಿ ಅದು ಚೆನ್ನಾಗಿ ಕೆಲಸ ಮಾಡೀತು. ಮಂಗಳೂರಿನ ಸೆಕೆಯಲ್ಲಿ ಗಾಳಿಯೇ ನೀರು ಹೀರಿಕೊಂಡಿರುವುದರಿಂದ ಆವಿಯಾಗುವುದು ಕಡಿಮೆ, ತಂಪೂ ಕಡಿಮೆ. ಇಲ್ಲಿ ನೀರು ತಣಿಸುವ ಚಿಲ್ಲರ್ ಶೋಕಿಯ ವಸ್ತುವಲ್ಲ.

ಕಲ್ಲಿನ ಜೋಡಣೆ ನೋಡುವಾಗ ಕಲ್ಲಿಗಿಂತ ಖಾಲಿ ಜಾಗವನ್ನು ಅಳೆಯಬೇಕು. ರಿಮ್‌ಲೆಸ್ ಟ್ಯಾಂಕನ್ನು ಎದುರಿನಿಂದ, ಎರಡು ಪಕ್ಕದಿಂದ, ಮೇಲಿನಿಂದಲೂ ನೋಡಬಹುದು. ಹಿಂದಿನ ಗಾಜಿಗೆ ಕಲ್ಲು ಪೇರಿಸಿದರೆ ಈ ಲಾಭವೆಲ್ಲ ನಷ್ಟ. ತುಸು ಬದಿಗೆ ಸರಿದ ಒಂದು ಗುಡ್ಡೆ, ಅದರೊಳಗೆ ಮೀನು ನುಸುಳುವ ಗವಿ, ಸುತ್ತ ಬರಿ ಮರಳು ಇದ್ದರೆ ಇಷ್ಟು ಚಿಕ್ಕ ಟ್ಯಾಂಕಿಗೆ ಸಾಕು. ಕಲ್ಲು ನೀರಿನ ಮೇಲ್ಮೈಯನ್ನು ಸೀಳಿ ಮೇಲೆದ್ದಿದ್ದರೆ ಅದು ಅಂಚಿಲ್ಲದ ಟ್ಯಾಂಕಿಗಷ್ಟೇ ಸಾಧ್ಯವಾದ ಸೊಗಸು, ಸೋಮೇಶ್ವರದ ಬಂಡೆಗಳ ನೆನಪು ತರುತ್ತದೆ.

ಆ ಕಲ್ಲು ಯಾವುದು ಎಂದು ಕೇಳುವುದು ಅಸಭ್ಯವಲ್ಲ. ಕಲ್ಲಿನ ಅಸ್ಥಿ ಕಟ್ಟುವ ಗಟ್ಟಿ ಹವಳಗಳೆಲ್ಲವೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ, ಕಡಲಕುದುರೆಗಳೂ ಇವೆ. ಮುರ್ಡೇಶ್ವರದ ಎದುರಿನ ನೇತ್ರಾಣಿಯಲ್ಲಿ ಹವಳ ಇದೆ. ಅಲ್ಲಿಗೆ ಹೋಗಬೇಕಾದದ್ದು ಮುಳುಗಿ ನೋಡಿ ಬರಲು ಮಾತ್ರ. ಪ್ರಾಮಾಣಿಕ ಟ್ಯಾಂಕಿನಲ್ಲಿ ಸಿರಾಮಿಕ್ ಕಲ್ಲು ಇರುತ್ತದೆ, ಇಲ್ಲವೇ ಸಿಮೆಂಟಿಗೆ ಮರುವಾಯಿ ಚಿಪ್ಪಿನ ಪುಡಿ ಬೆರೆಸಿ ಎರಕ ಹೊಯ್ದು, ಸುಣ್ಣದ ಖಾರ ಇಳಿಯುವ ತನಕ ವಾರಗಟ್ಟಲೆ ಸಿಹಿನೀರಿನಲ್ಲಿ ನೆನೆಸಿದ ಮನೆಗೆಲಸದ ಕಲ್ಲು. ಮೊದಲ ತಿಂಗಳುಗಳಲ್ಲಿ ಅದು ಬೋಳಾಗಿ ಕೃತಕವಾಗಿ ಕಾಣುತ್ತದೆ. ಆಮೇಲೆ ಕಂದು ಪಾಚಿ, ಹಸಿರು ಪಾಚಿ ಬಂದುಹೋಗುತ್ತವೆ. ಕೊನೆಗೆ, ಬೀಜಾಣು ಒಳಗೆ ಸೇರಿದ್ದರೆ, ನೇರಳೆ-ಗುಲಾಬಿ ಬಣ್ಣದ ಸುಣ್ಣದ ಪಾಚಿ ಚಿಪ್ಪಿನಂತೆ ಹರಡುತ್ತದೆ. ಇದನ್ನು ದುಡ್ಡು ಕೊಟ್ಟು ಬೇಗ ತರಿಸಲಾಗುವುದಿಲ್ಲ. ತೆರೆಮರೆಯ ಬ್ಯಾಕ್ಟೀರಿಯಾಗಳ ಕೆಲಸವೂ ಹೀಗೇ ನಿಧಾನ: ಅಮೋನಿಯಾ ನೈಟ್ರೈಟಾಗಿ, ನೈಟ್ರೈಟ್ ನೈಟ್ರೇಟಾಗಿ ಮಾರ್ಪಡುವ ಕ್ರಮ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಅಷ್ಟರೊಳಗೆ ಮೀನು ಬಿಟ್ಟ ಟ್ಯಾಂಕನ್ನು ಮೆಚ್ಚಬೇಕಾಗಿಲ್ಲ.

ಬೆಳಕನ್ನು ಹಗಲಿನ ಹೊತ್ತು, ದೀಪ ಬಿಳಿಯಾಗಿರುವಾಗ ನೋಡಬೇಕು. ರಾತ್ರಿಯ ಗಾಢ ನೀಲಿಯಲ್ಲಿ ಎಲ್ಲವೂ ಹೊಳೆಯುತ್ತದೆ, ಕೊಳೆಯೂ ಕಾಣುವುದಿಲ್ಲ. ನೀರು ಸರಿಯಾಗಿ ಕದಡುತ್ತಿದ್ದರೆ ಎಲ್‌ಇಡಿಯ ಬೆಳಕು ಅಲೆಯಲ್ಲಿ ಮುರಿದು ಮರಳಿನ ಮೇಲೆ ಬಲೆಬಲೆಯಾಗಿ ಓಡುತ್ತದೆ. ಬಳಿಕ ಕೂತು, ಮುಂದಿನ ಗಾಜಿನಿಂದ ತುಸು ಮೇಲಕ್ಕೆ ದಿಟ್ಟಿಸಬೇಕು: ನೀರಿನ ಒಳಮೈ ಕನ್ನಡಿಯಾಗಿ ಕಲ್ಲನ್ನೂ ಮೀನನ್ನೂ ತಲೆಕೆಳಗು ತೋರಿಸುತ್ತದೆ. ನೀರಿನೊಳಗಿನಿಂದ ಬರುವ ಬೆಳಕು ಲಂಬಕ್ಕೆ 49 ಡಿಗ್ರಿಗಿಂತ ಓರೆಯಾಗಿ ಮೇಲ್ಮೈಗೆ ಬಡಿದರೆ ಹೊರಗೆ ಹೋಗದೆ ಪೂರ್ತಿ ಮರಳುತ್ತದೆ. ಆ ಕನ್ನಡಿ ಮಬ್ಬಾಗಿದ್ದರೆ ಮೇಲೆ ಜಿಡ್ಡು ಕಟ್ಟಿದೆ, ಮೇಲ್ಮೈಯ ನೀರನ್ನು ಸೆಳೆಯುವ ಓವರ್‌ಫ್ಲೋ ಸರಿಯಿಲ್ಲ. ಮೂಗಿಗೂ ಒಂದು ಕೆಲಸವಿದೆ: ಆರೋಗ್ಯದ ಟ್ಯಾಂಕಿಗೆ ತಣ್ಣನೆಯ ಕಡಲಿನ ವಾಸನೆ, ಕೊಳೆತದ್ದಲ್ಲ.

ಜೀವಿಗಳು ಕೊನೆಗೆ. 80 ಲೀಟರಿಗೆ ಮೂರು ಸಣ್ಣ ಮೀನು ಸಾಕು, ನಾಲ್ಕಾದರೆ ಗುಂಪು. ಮರಿಕೇಂದ್ರದಲ್ಲಿ ಹುಟ್ಟಿದ ಕ್ಲೌನ್ ಮೀನಿನ ಜೋಡಿ ಬಹುತೇಕ ಟ್ಯಾಂಕುಗಳಲ್ಲಿರುತ್ತದೆ. ದೊಡ್ಡದು ಹೆಣ್ಣು, ಚಿಕ್ಕದು ಗಂಡು, ಹೆಣ್ಣು ಸತ್ತರೆ ಗಂಡೇ ಹೆಣ್ಣಾಗುತ್ತದೆ. ಅದಕ್ಕಿಂತಲೂ ಬಹಳ ಹೊತ್ತು ನೋಡಬಹುದಾದದ್ದು ಗೋಬಿ ಮೀನು ಮತ್ತು ಪಿಸ್ತೂಲು ಸಿಗಡಿಯ ಒಡನಾಟ. ಸಿಗಡಿ ಮರಳಿನಲ್ಲಿ ಬಿಲ ತೋಡುತ್ತದೆ, ಕಣ್ಣು ಮಂದ. ಗೋಬಿ ಬಿಲದ ಬಾಯಲ್ಲಿ ಕಾವಲು ನಿಲ್ಲುತ್ತದೆ. ಸಿಗಡಿಯ ಒಂದು ಮೀಸೆ ಸದಾ ಗೋಬಿಯ ಮೈಮೇಲೆ. ಗೋಬಿ ಬಾಲ ಅಲುಗಿಸಿದರೆ ಅಪಾಯ, ಇಬ್ಬರೂ ಒಳಗೆ. ಇದಕ್ಕೆ ಕಾಲು ಗಂಟೆ ಅಲುಗದೆ ಕೂರುವ ತಾಳ್ಮೆ ಬೇಕು, ಮಕ್ಕಳಿಗೆ ಅದು ದೊಡ್ಡವರಿಗಿಂತ ಹೆಚ್ಚಿರುವುದುಂಟು.

ಅಂಚಿಲ್ಲದ ಟ್ಯಾಂಕಿನ ಒಂದು ಕೊರತೆಯನ್ನೂ ಒಪ್ಪಬೇಕು: ಗೋಬಿ, ಫೈರ್‌ಫಿಶ್ ಮುಂತಾದವು ಬೆದರಿ ಹೊರಗೆ ಜಿಗಿಯುತ್ತವೆ. ಮೇಲೆ ಸಣ್ಣ ಕಣ್ಣಿನ ಪಾರದರ್ಶಕ ಬಲೆ ಹಾಕಿದರೆ ನೀರಿನ ಗೆರೆಯ ಅಂದ ಸ್ವಲ್ಪ ಕುಗ್ಗುತ್ತದೆ. ಬಲೆ ಇರುವ ಟ್ಯಾಂಕಿಗೇ ಹೆಚ್ಚು ಅಂಕ ಕೊಡುವುದು ನ್ಯಾಯ. ಹಾಗೆಯೇ ಸ್ಟ್ಯಾಂಡಿನೊಳಗೆ ಇಣುಕಿ, ಪ್ರತಿ ತಂತಿಯೂ ಸಾಕೆಟ್ಟಿಗಿಂತ ಕೆಳಗೆ ಬಾಗಿ ಮೇಲೇರಿದೆಯೇ, ಆಗ ಜಾರಿದ ನೀರಿನ ಹನಿ ಸಾಕೆಟ್ಟಿಗೆ ಹೋಗದೆ ನೆಲಕ್ಕೆ ಬೀಳುತ್ತದೆಯೇ ಎಂದೂ, ಬ್ಯಾಟರಿಯ ಏರ್‌ಪಂಪ್ ಒಂದು ಪಕ್ಕದಲ್ಲಿದೆಯೇ ಎಂದೂ ನೋಡಬೇಕು. ಮಳೆಗಾಲಕ್ಕೆ ಮುಂಚಿನ ಗುಡುಗು ಮಳೆಯಲ್ಲಿ ಕರೆಂಟು ಹೋದಾಗ ಪಂಪುಗಳು ನಿಂತುಬಿಡುತ್ತವೆ. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ, ಹಾಗಾಗಿ ಕೆಲವೇ ಗಂಟೆಗಳಲ್ಲಿ ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆಯತೊಡಗುತ್ತವೆ.