ಲೋಳೆಯ ಕಾವಲು

ಹೊಳೆಮೀನು ಕೈಯಿಂದ ಜಾರಲು ಕಾರಣವಾದ ಲೋಳೆಯಲ್ಲಿ, ಬ್ಯಾಕ್ಟೀರಿಯಾದ ಹೊರಗೋಡೆಯನ್ನು ಒಡೆಯುವ ಲೈಸೋಜೈಮ್ ಎಂಬ ಕಿಣ್ವವೂ ಅಲ್ಲೇ ಬೀಡುಬಿಟ್ಟು ಬಾಳುವ ಬ್ಯಾಕ್ಟೀರಿಯಾಗಳೂ ಒಟ್ಟಿಗೆ ಇರುತ್ತವೆ. ಮೀನಿನ ಚರ್ಮದ ಒಂದು ಚದರ ಸೆಂಟಿಮೀಟರಿನಲ್ಲಿ 100ರಿಂದ 1 ಕೋಟಿಯವರೆಗೆ, ಕರುಳಿನ ಒಂದು ಗ್ರಾಮಿನಲ್ಲಿ 1,000ದಿಂದ 100 ಕೋಟಿಯವರೆಗೆ ಬ್ಯಾಕ್ಟೀರಿಯಾಗಳಿರಬಹುದಾದರೂ, ಆರೋಗ್ಯವಾಗಿರುವ ಜೀವಂತ ಮೀನಿನ ಮಾಂಸದೊಳಗೆ ಅವುಗಳಿಗೆ ಪ್ರವೇಶವಿಲ್ಲ. ಅವೆಲ್ಲ ಶತ್ರುಗಳೂ ಅಲ್ಲ. ಸಿಹಿನೀರಿನ ಹಲವು ಮೀನುಗಳ ಕರುಳಿನಲ್ಲಿ ನೆಲೆಸಿರುವ ಸೀಟೋಬ್ಯಾಕ್ಟೀರಿಯಂ ಬಿ-12 ಜೀವಸತ್ವವನ್ನು ತಯಾರಿಸುತ್ತದೆ.

ಈ ಹೊಂದಾಣಿಕೆಯನ್ನು ನಿರ್ಧರಿಸುವುದು ಬಹುಮಟ್ಟಿಗೆ ನೀರು. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ದೇವರ ಮೀನುಗಳೆಂದು ಕಾಪಾಡಲಾಗುವ ಮಹಶೀರ್‌ಗಳಿಗೆ ಕಪಿಲಾ ನದಿಯ ಹರಿವು ಆಮ್ಲಜನಕವನ್ನು ಒದಗಿಸುತ್ತದೆ. ಮೂಡುಬಿದಿರೆಯ ಕೆರೆಗಳಂಥ ನಿಂತ ನೀರಿನಲ್ಲಾಗಲಿ, ಬಂಟ್ವಾಳ ತಾಲೂಕಿನ ತುಂಬೆಯಲ್ಲಿ ಅಣೆಕಟ್ಟು ನೇತ್ರಾವತಿಯನ್ನು ತಡೆದು ನಿಲ್ಲಿಸುವೆಡೆಯಲ್ಲಾಗಲಿ, ಬೇಸಿಗೆಯಲ್ಲಿ ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿ ನಿಲ್ಲುವ ಆಮ್ಲಜನಕ ಕಡಿಮೆಯಾಗುತ್ತದೆ. ಆಗ ಬಳಲಿದ ಮೀನಿನ ರಕ್ಷಣಾಶಕ್ತಿ ಕುಂದುವುದರಿಂದ, ಅದುವರೆಗೆ ತಣ್ಣಗಿದ್ದ ಏರೋಮೊನಾಸ್ ಹೈಡ್ರೋಫಿಲಾ ಎಂಬ ಬ್ಯಾಕ್ಟೀರಿಯಾ ರೋಗಕಾರಿಯಾಗುತ್ತದೆ.

ಮೊದಲ ಮಳೆಗೆ ಹೊಳೆಯಿಂದ ತೋಡಿಗೂ ತೋಡಿನಿಂದ ಗದ್ದೆಗೂ ಏರುವ ಮೀನುಗಳ ಬೇಟೆಗೆ ತುಳುನಾಡಿನಲ್ಲಿ ಉಬರ್ ಎಂಬ ಹೆಸರುಂಟು. ಹಾಗೆ ಏರುವಾಗ ಕಲ್ಲಿಗೆ ತರಚಿದ ಮೈ, ಬಲೆಗೆ ಸಿಕ್ಕಿ ತಪ್ಪಿಸಿಕೊಂಡಾಗ ಕಿತ್ತ ಹುರುಪೆ, ಇವೇ ಸಾಪ್ರೊಲೆಗ್ನಿಯಾ ಎಂಬ ಸೂಕ್ಷ್ಮಜೀವಿಗೆ ಬಾಗಿಲು. ಅದು ಬೇರೂರಿದ ಜಾಗದಲ್ಲಿ ಹತ್ತಿಯಂಥ ಬಿಳಿ ಎಳೆಗಳು ಕಾಣಿಸಿಕೊಳ್ಳುತ್ತವೆ. ಬಹುಕಾಲ ಶಿಲೀಂಧ್ರವೆಂದೇ ಎಣಿಸಲಾಗಿದ್ದ ಈ ಜೀವಿಯ ಕೋಶಭಿತ್ತಿಯಲ್ಲಿ, ನಿಜವಾದ ಶಿಲೀಂಧ್ರಗಳಲ್ಲಿರುವಂತೆ ಕೈಟಿನ್ ಪ್ರಧಾನವಾಗಿರದೆ ಸೆಲ್ಯುಲೋಸ್ ಇರುವುದರಿಂದ, ಇದನ್ನು ಊಮೈಸೀಟ್ ಎಂಬ ಪ್ರತ್ಯೇಕ ಗುಂಪಿಗೆ ಸೇರಿಸಲಾಗಿದೆ. ಇದೇ ಗುಂಪಿನ ಅಫನೋಮೈಸಿಸ್ ಇನ್ವಡಾನ್ಸ್, ಈಜಬಲ್ಲ ಬೀಜಕಣಗಳ ಮೂಲಕ ಹರಡಿ ಮಾಂಸದೊಳಕ್ಕೆ ಇಳಿದು ಕೆಂಪು ವ್ರಣಗಳನ್ನುಂಟುಮಾಡುತ್ತದೆ. 1988ರಲ್ಲಿ ಭಾರತದಲ್ಲಿ ಕಾಣಿಸಿಕೊಂಡ ಈ ರೋಗ ಮರಲ್ ಜಾತಿಯ ಮೀನುಗಳನ್ನು ವಿಶೇಷವಾಗಿ ಬಾಧಿಸಿತು. ಮಳೆಯಿಂದ ನೀರು ತಂಪಾಗಿ ಆಮ್ಲೀಯವಾದಾಗ ಈ ರೋಗಕ್ಕೆ ಬಲ ಬರುತ್ತದೆಯಾದ್ದರಿಂದ, ಮುರಕಲ್ಲಿನ ಆಮ್ಲೀಯ ಮಣ್ಣಿನ ಈ ಸೀಮೆಯವರು ಮಳೆಗಾಲದಲ್ಲಿ ಹಿಡಿದ ಮೀನಿನ ಮೈಯನ್ನು ತಿರುಗಿಸಿ ನೋಡುವುದು ಒಳ್ಳೆಯದು.

ಗಾಳ ಹಾಕುವವರ ನಯ ತಿಳಿಯುವುದು ಚಿಕ್ಕದೆಂದು ಮೀನನ್ನು ಮರಳಿ ನೀರಿಗೆ ಬಿಡುವಾಗಲೇ: ಒಣಗೈ ಲೋಳೆಯನ್ನು ಒರೆಸಿ ತೆಗೆದು ರೋಗಕ್ಕೆ ದಾರಿ ಮಾಡುತ್ತದೆ, ಒದ್ದೆಗೈ ಅದನ್ನು ಉಳಿಸುತ್ತದೆ. ಅಡುಗೆಗೆ ಬಂದ ಮೀನಿನಲ್ಲಿ ಈ ಲೆಕ್ಕ ತಿರುಗುಮುರುಗಾಗುತ್ತದೆ. ಪ್ರಾಣ ಹೋದೊಡನೆ ಕಾವಲು ಕುಸಿದು ಲೋಳೆಯೇ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುವುದರಿಂದ, ಹುರುಪೆಯಿಲ್ಲದ ಮುಗುಡನ್ನು ಒಲೆಬೂದಿ ಸವರಿ ಉಜ್ಜುವುದು, ಕರುಳು ಕಿವಿರುಗಳನ್ನು ಬೇಗ ತೆಗೆಯುವುದು ಶಾಸ್ತ್ರಸಮ್ಮತವೇ ಆಗಿದೆ. ಸೆಕೆನಾಡಿನ ಹೊಳೆಮೀನಿನ ಬ್ಯಾಕ್ಟೀರಿಯಾಗಳಲ್ಲಿ ಚಳಿಗೆ ಒಗ್ಗಿದವು ವಿರಳವಾದ್ದರಿಂದ, ಮಂಜುಗಡ್ಡೆಯಲ್ಲಿಟ್ಟಾಗ ಈ ಮೀನು ಶೀತದೇಶದ ಮೀನಿಗಿಂತ ಹೆಚ್ಚು ದಿನ ಬಾಳುತ್ತದೆ. ಮಂಜುಗಡ್ಡೆಯಿಲ್ಲದೆ ಬುಟ್ಟಿಯಲ್ಲಿ ಬಿಟ್ಟ ಮೀನು ಮಾತ್ರ ಸಂಜೆಯವರೆಗೂ ಕಾಯುವುದಿಲ್ಲ.