ತಾನೇ ಹಾಡುವ ನಾಯಕ

'ಸಿಂಗಿನ್ ಇನ್ ದ ರೇನ್' (1952) ಚಿತ್ರದಲ್ಲಿ ಡೆಬ್ಬಿ ರೆನಾಲ್ಡ್ಸ್ ಪಾತ್ರದ ಕೆಲಸ, ದನಿಯಿಲ್ಲದ ತಾರೆಯೊಬ್ಬಳಿಗೆ ಪರದೆಯ ಹಿಂದೆ ನಿಂತು ಹಾಡುವುದು. ತಮಾಷೆಯೆಂದರೆ ಆ ಚಿತ್ರದ ಕೆಲವು ಕಡೆ ಡೆಬ್ಬಿಗೇ ಕಂಠ ಕೊಟ್ಟವರು ಬೆಟ್ಟಿ ನಾಯ್ಸ್. 'ಮೈ ಫೇರ್ ಲೇಡಿ'ಯಲ್ಲಿ (1964) ಆಡ್ರಿ ಹೆಪ್‌ಬರ್ನ್ ತುಟಿಯಾಡಿಸಿದರು, ಬಹುಪಾಲು ಹಾಡಿದ್ದು ಮಾರ್ನಿ ನಿಕ್ಸನ್. ಹಾಲಿವುಡ್ ಇಂಥದ್ದನ್ನು ಗುಟ್ಟಾಗಿಟ್ಟಿತು. ನಮ್ಮಲ್ಲಿ ಅದು ಬಹಿರಂಗ ವ್ಯವಹಾರವೇ ಆಗಿಬಿಟ್ಟಿತು. ಆ ತಿರುವನ್ನು ಕಣ್ಣಾರೆ ನೋಡಬೇಕೆಂದರೆ ಕೊಯಮತ್ತೂರಿನ ಸೆಂಟ್ರಲ್ ಸ್ಟುಡಿಯೋದ ನಾಲ್ಕು ಚಿತ್ರ ಸಾಕು.

ಮೊದಲನೆಯದು 'ಹರಿದಾಸ್' (1944). ನಿರ್ದೇಶನ ಮಂಗಳೂರು ಮೂಲದ ಸುಂದರರಾವ್ ನಾಡಕರ್ಣಿ ಅವರದು, ನಾಯಕ ಎಂ.ಕೆ. ತ್ಯಾಗರಾಜ ಭಾಗವತರ್, ಕುದುರೆ ಏರಿ ಹಾಡುತ್ತಲೇ ಪ್ರವೇಶ. 'ಮನ್ಮಥ ಲೀಲೈ' ಹಾಡಿನಲ್ಲಿ ಟಿ.ಆರ್. ರಾಜಕುಮಾರಿ ಗಾಳಿಯಲ್ಲೇ ಮುತ್ತು ತೂರುತ್ತಾರೆ. ಭಾಗವತರ್ ಅಭಿನಯ ಅಷ್ಟಕ್ಕಷ್ಟೆ, ಒಪ್ಪಿಕೊಳ್ಳೋಣ. ಆದರೆ ದನಿ ತಾರಸ್ಥಾಯಿಗೆ ಏರುವಾಗ ಮುಖ ನೋಡಿ: ಸಂಗತಿ ಎಲ್ಲಿ ಹೋಗಿ ನಿಲ್ಲುತ್ತದೆಂದು ಕಣ್ಣಿಗೆ ಮೊದಲೇ ಗೊತ್ತು. ಅದೇ ವರ್ಷದ 'ಮೀಟ್ ಮಿ ಇನ್ ಸೇಂಟ್ ಲೂಯಿಸ್' ಚಿತ್ರದ ಜೂಡಿ ಗಾರ್ಲ್ಯಾಂಡ್ ಮುಖದಲ್ಲೂ ನನಗೆ ಕಾಣುವುದು ಇದೇ. ಮುದ್ರಿಸಿಟ್ಟ ಹಾಡಿಗೇ ತುಟಿಯಾಡಿಸಲಿ, ಉಸಿರು ತನ್ನದಾದರೆ ಎದೆ ಸರಿಯಾದ ಜಾಗದಲ್ಲಿ ಏಳುತ್ತದೆ.

'ಹರಿದಾಸ್' ಮದ್ರಾಸಿನ ಬ್ರಾಡ್‌ವೇ ಚಿತ್ರಮಂದಿರದಲ್ಲಿ ಮೂರು ದೀಪಾವಳಿ ಕಂಡಿತು. ನಾಯಕ ಮಾತ್ರ ಚಿತ್ರ ಬಿಡುಗಡೆಯಾದ ಸ್ವಲ್ಪ ಕಾಲದಲ್ಲೇ ಪತ್ರಕರ್ತ ಲಕ್ಷ್ಮೀಕಾಂತನ್ ಕೊಲೆ ಪ್ರಕರಣದಲ್ಲಿ ಬಂಧಿತರಾದರು. ಅವರು ಮಾಡಬೇಕಿದ್ದ ಜ್ಯುಪಿಟರ್ ಸಂಸ್ಥೆಯ 'ಶ್ರೀ ಮುರುಗನ್' (1946) ನಮ್ಮ ಹೊನ್ನಪ್ಪ ಭಾಗವತರ ಪಾಲಿಗೆ ಬಂತು. ನೆಲಮಂಗಲದ ಕಡೆಯ, ಗುಬ್ಬಿ ಕಂಪನಿಯಲ್ಲಿ ಪಳಗಿದ ಕಂಠ! ಅದೇ ಚಿತ್ರದಲ್ಲಿ ಶಿವನಾಗಿ ಕುಣಿದವರು ಎಂ.ಜಿ. ರಾಮಚಂದ್ರನ್. ಮರುವರ್ಷ 'ರಾಜಕುಮಾರಿ'ಗೆ ಅವರೇ ನಾಯಕ, ಹಾಡಿದವರು ಎಂ.ಎಂ. ಮಾರಿಯಪ್ಪ. ಕತ್ತಿ ಹಿಡಿಯಬಲ್ಲ ನಾಯಕನಿಗೆ ಇನ್ನು ರಾಗ ಬರಬೇಕಿರಲಿಲ್ಲ.

1950ರ 'ಕೃಷ್ಣ ವಿಜಯಂ' ಹೊತ್ತಿಗೆ ಮತ್ತೆ ಅದೇ ನಾಡಕರ್ಣಿ. ಹೊಸ ಹಿನ್ನೆಲೆ ಗಾಯಕ ಮದುರೈನ ಟಿ.ಎಂ. ಸೌಂದರರಾಜನ್, ತ್ಯಾಗರಾಜ ಭಾಗವತರ್ ಹಾಡುಗಳನ್ನೇ ಹಾಡಿ ಬೆಳೆದವರು. ಭಾಗವತರ ಶೈಲಿ ಉಳಿಯಿತು, ಅದಕ್ಕೆ ತುಟಿಯಾಡಿಸುವ ಮುಖ ಬೇರೆಯಾಯಿತು.

ಹಿನ್ನೆಲೆ ಗಾಯನದಿಂದ ನಷ್ಟವೇ ಆಯಿತೆಂದು ನಾನು ಹೇಳಲಾರೆ. ಪಿ.ಬಿ. ಶ್ರೀನಿವಾಸ್ ಇಲ್ಲದ ಕನ್ನಡ ಚಿತ್ರರಂಗ ಯಾರಿಗೆ ಬೇಕು? ಆದರೂ ಆಗ ಕೊಯಮತ್ತೂರು ಜಿಲ್ಲೆಗೇ ಸೇರಿದ್ದ ಗಾಜನೂರಿನ ರಾಜ್‌ಕುಮಾರ್, 1974ರ 'ಸಂಪತ್ತಿಗೆ ಸವಾಲ್' ಚಿತ್ರದ ಎಮ್ಮೆ ಹಾಡಿನಲ್ಲಿ ತಮ್ಮದೇ ಕಂಠ ಬಿಚ್ಚಿದಾಗ ಆಗುವ ಖುಷಿಯೇ ಬೇರೆ. ಅದಕ್ಕೆ ಹಿಂದೆ ಪಿ.ಬಿ. ಹಾಡಿದ ಯಾವುದಾದರೂ ರಾಜ್ ಗೀತೆಯನ್ನೂ ಈ ಹಾಡನ್ನೂ ಒಂದರ ಹಿಂದೊಂದು ದನಿ ಮುಚ್ಚಿ ನೋಡಿ. ಮೊದಲನೆಯದರಲ್ಲಿ ತುಟಿ ಚೊಕ್ಕವಾಗಿ ಹೊಂದುತ್ತದೆ. ಎರಡನೆಯದರಲ್ಲಿ ಕುತ್ತಿಗೆಯೂ ಹಾಡುತ್ತದೆ.