ಹನಿ ಎಣ್ಣೆಯ ಗೋರಿಕಲ್ಲು

ನ್ಯೂಯಾರ್ಕಿನ ಬ್ಯಾಂಕಿನವರಲ್ಲಿ ಒಂದು ಆಚಾರ ಉಂಟು. ಎಣ್ಣೆ ಬಾವಿಯೋ ಗಣಿಯೋ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದರೆ, ವ್ಯವಹಾರ ಕುದುರಿಸಿದವರಿಗೆಲ್ಲ ಗಾಜಿನಂಥ ಅಕ್ರಿಲಿಕ್ ಗಟ್ಟಿಯೊಂದನ್ನು ನೆನಪಿಗೆ ಹಂಚುತ್ತಾರೆ. ಒಳಗೆ ಒಂದು ಹನಿ ಕಚ್ಚಾ ಎಣ್ಣೆ, ಇಲ್ಲವೆ ಚೂರು ಕಲ್ಲಿದ್ದಲು. ಮೇಲೆ ಕಂಪನಿಗಳ ಹೆಸರು, ಮೊತ್ತ, ತಾರೀಖು. ಬರೀ ಮೇಜಿನ ಆಟಿಕೆ ಅಂತ ನಾವು ಇದನ್ನು ಬಿಡಬಾರದು. ಶಾಸನದ ಹಾಗೆ ಓದಬೇಕು.

ಇದರ ಮೂಲ ಪತ್ರಿಕಾ ಜಾಹೀರಾತು. ಅದಕ್ಕೆ ಅವರೇ ಇಟ್ಟ ಹೆಸರು 'ಟೂಮ್‌ಸ್ಟೋನ್', ಅಂದರೆ ಗೋರಿಕಲ್ಲು. 1970ರ ದಶಕದಿಂದ ಆ ಜಾಹೀರಾತನ್ನೇ ಅಕ್ರಿಲಿಕ್‌ನೊಳಗೆ ಹುದುಗಿಸತೊಡಗಿದರು. ಜಾಹೀರಾತಿನಲ್ಲಿ ಯಾವ ಬ್ಯಾಂಕು ಮೇಲೆ, ಯಾವುದು ಕೆಳಗೆ ಅನ್ನೋದಕ್ಕೆ ಜಗಳವೇ ನಡೆಯುತ್ತಿತ್ತು. ಪಂಕ್ತಿಭೇದ ಉಂಡು ಬಲ್ಲ ನಮಗೆ ಇದು ಹೊಸದಲ್ಲ.

ಆದರೆ ಬಾವಿ ಕೊರೆದವನು, ಕಲ್ಲಿದ್ದಲ ಧೂಳು ಕುಡಿದು ಉಸಿರು ಕಳಕೊಂಡವನು ಈ ಪಂಕ್ತಿಯ ಕಟ್ಟಕಡೆಗೂ ಇಲ್ಲ. ನಮ್ಮ ಊರುಗಳ ವೀರಗಲ್ಲಿನಲ್ಲಿ ದನಗಳ್ಳರನ್ನು ತಡೆದು ಸತ್ತವನಾದರೂ ಇದ್ದಾನೆ. ಈ ಗೋರಿಕಲ್ಲಿನಲ್ಲಿ ಸತ್ತವನಿಲ್ಲ, ಕೊಂಡವನಿದ್ದಾನೆ.

ನೆನಪಿನ ಕಾಣಿಕೆ ಕೆಲಸದವರಿಗೂ ಸಿಗುತ್ತದೆ. ಅದರ ಗಾತ್ರ ಮಾತ್ರ ಬೇರೆ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ತಲೆಮಾರುಗಟ್ಟಲೆ ದುಡಿದವರಲ್ಲಿ ದಲಿತರೇ ಬಹಳ. ಅವರ ಪಾಲಿಗೆ ಉಳಿದದ್ದು ಸಯನೈಡ್ ಮಣ್ಣಿನ ದಿಬ್ಬಗಳು. ಯಾವ ಮೇಜಿನ ಮೇಲೆ ಇಡೋಣ ಅದನ್ನ?

ಮಕ್ಕಳಿಗೆ ಶಾಸನ ಓದಿಸುವ ಮೇಷ್ಟ್ರುಗಳೇ, ಇದನ್ನೂ ಓದಿಸಿ. ಯಾರ ಹೆಸರಿದೆ, ಯಾರದಿಲ್ಲ ಅಂತ ಕೇಳಿಸಿ.